ಎರಡನೇ ಅಕ್ಷರದ ದೀರ್ಘ

ತಪ್ಪು ಯಾರದೂ ಅಲ್ಲ, ಒಂದು ದೀರ್ಘದ್ದು. ಜಮೀನಿನ ದಾಖಲೆಯಲ್ಲಿ ಅವನ ಹೆಸರಿನ ಎರಡನೇ ಅಕ್ಷರಕ್ಕೆ ದೀರ್ಘವಿತ್ತು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇರಲಿಲ್ಲ. ಮಿಕ್ಕಂತೆ ಅವನೂ ಒಬ್ಬನೇ, ಅವನ ಮೂರು ಎಕರೆ ಜೋಳದ ಹೊಲವೂ ಒಂದೇ, ಮೂಗಿನ ಪಕ್ಕದ ಮಚ್ಚೆಯೂ ಒಂದೇ. ಆದರೆ ರೈತರಿಗೆ ಎಕರೆಗಿಷ್ಟು ಎಂದು ಸಹಾಯಧನ ಹಂಚುವ ಕಚೇರಿಯ ಲೆಕ್ಕದಲ್ಲಿ ಅವರು ಇಬ್ಬರು. ದೀರ್ಘವಿದ್ದವನಿಗೆ ಹೊಲವಿತ್ತು, ಖಾತೆಯಿರಲಿಲ್ಲ. ದೀರ್ಘವಿಲ್ಲದವನಿಗೆ ಖಾತೆಯಿತ್ತು, ಹೊಲವಿರಲಿಲ್ಲ. ಊರಿನವರಿಗೆಲ್ಲ ಹಣ ಬಂದು ಖರ್ಚೂ ಆಗಿಹೋಗಿತ್ತು. ಇವನಿಗೆ ಬಂದದ್ದು ಒಂದು ಅಡ್ಡಹೆಸರು ಮಾತ್ರ: ದೀರ್ಘಣ್ಣ.

ಅಯ್ಯೋ ಪಾಪ ಎಂದು ಮರುಗಲು ಹೋಗಬೇಡಿ. ಆ ಹಣಕ್ಕೆಂದು ಕಚೇರಿಗೆ ಅಲೆದ ಈ ಏಳು ತಿಂಗಳು ಇದ್ದಷ್ಟು ಸುಖವಾಗಿ ದೀರ್ಘಣ್ಣ ತನ್ನ ನಲವತ್ತೇಳು ವರ್ಷದಲ್ಲಿ ಯಾವತ್ತೂ ಇದ್ದವನಲ್ಲ.

ಅದಕ್ಕೆ ಕಾರಣ ಮೂರನೇ ಕಿಟಕಿಯ ಮೇಡಂ. ಮೊದಲ ಸಲ ಅರ್ಜಿ ಹಿಡಿದುಕೊಂಡು ಹೋದಾಗ ಆಕೆ ಕನ್ನಡಕ ಏರಿಸಿ, ದಾಖಲೆ ನೋಡಿ, ಗಾಜಿನ ತೂತಿನಿಂದ ಅವನ ಪೂರ್ತಿ ಹೆಸರು ಕರೆದಿದ್ದರು, ಆ ದೀರ್ಘವನ್ನು ಎಲ್ಲಿ ಎಷ್ಟು ಎಳೆಯಬೇಕೋ ಅಷ್ಟೂ ಎಳೆದು. ಮನೆಯಲ್ಲಿ ಅಕ್ಕನ ಬಾಯಲ್ಲಿ ಅವನು ಬರೀ 'ಲೋ'. ರಸ್ತೆಯಲ್ಲಿ 'ಏನಣ್ಣಾ'. ಹೆಸರಿಟ್ಟು ಕರೆಯುತ್ತಿದ್ದವಳು ಅಮ್ಮ ಒಬ್ಬಳೇ. ಊಟದ ಹೊತ್ತಿಗೆ ಹೊಲದ ಅಂಚಿನಲ್ಲಿ ನಿಂತು, ಆ ಎರಡನೇ ಅಕ್ಷರವನ್ನು ಉಸಿರಿರುವ ತನಕ ಎಳೆದು, ಮೂರು ಎಕರೆ ದಾಟಿಸಿ ಅವನ ಕಿವಿಗೆ ಮುಟ್ಟಿಸುತ್ತಿದ್ದಳು. ಅವಳು ಹೋಗಿ ಇಪ್ಪತ್ತು ವರ್ಷವಾಗಿತ್ತು. ಸರ್ಕಾರಿ ಕಚೇರಿಯ ಗಾಜಿನ ಹಿಂದಿನಿಂದ ಆ ಹೆಸರು ಮತ್ತೆ ಅಷ್ಟೇ ಉದ್ದ ಕೇಳಿಸಿದಾಗ ದೀರ್ಘಣ್ಣ ಊಟಕ್ಕೆ ಕರೆದ ಹಾಗೆ 'ಬಂದೇ' ಎಂದುಬಿಟ್ಟ.

"ಎಲ್ಲಾ ಸರಿ ಇದೆ, ಪಾಸ್‌ಬುಕ್ಕಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ ನೋಡಿ," ಎಂದರು ಮೇಡಂ. "ಹಾಕಿಸ್ಕೊಂಡು ಬೇಗ ಬನ್ನಿ, ಆಯ್ತಾ?"

ಅವನು ಹಾಕಿಸಿಕೊಂಡು ಹೋಗಿಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎರಡನೇ ಸಲ ಹೋದಾಗ ಬ್ಯಾಂಕಿಗೆ ರಜ ಇತ್ತು ಎಂದ. ಮೂರನೇ ಸಲ ಬ್ಯಾಂಕಿನ ಮಿಷನ್ ಕೆಟ್ಟಿದೆ ಎಂದ. ನಾಲ್ಕನೇ ಸಲ ಬೇಕೆಂದೇ ಅಪ್ಪನ ಕಾಲದ ಪಾಸ್‌ಬುಕ್ಕು ತೆಗೆದುಕೊಂಡು ಹೋದ. ಐದನೇ ಸಲ ಕೊಟ್ಟ ಫೋಟೋದಲ್ಲಿ ಅವನ ಕಣ್ಣು ಮುಚ್ಚಿತ್ತು. ಹೋದಾಗಲೆಲ್ಲ ಒಂದೇ ನೋಟ: ಬಾಗಿಲಲ್ಲಿ ಅವನು ಕಂಡ ತಕ್ಷಣ ಮೇಡಂ ಕುರ್ಚಿಯಿಂದ ಎದ್ದೇ ನಿಲ್ಲುತ್ತಿದ್ದರು. ಮುಖ ಅರಳುತ್ತಿತ್ತು. "ಬಂದ್ರಾ!" ಎನ್ನುತ್ತಿದ್ದರು. ಕಾಗದವನ್ನು ಅವನ ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದು ಬಿಡಿಸುತ್ತಿದ್ದರು. ತಪ್ಪು ಕಣ್ಣಿಗೆ ಬಿದ್ದಾಗ ಆ ಕಣ್ಣೇ ತುಂಬಿಕೊಳ್ಳುತ್ತಿತ್ತು. "ಅಯ್ಯೋ, ಮತ್ತೆ ಹೋಗ್ಬೇಕಲ್ಲ ನೀವು. ಬೇಗ ಬಂದ್ಬಿಡಿ, ನಿಮ್ಮನ್ನೇ ಕಾಯ್ತಾ ಇರ್ತೀನಿ."

ನಿಮ್ಮನ್ನೇ ಕಾಯ್ತಾ ಇರ್ತೀನಿ! ಒಬ್ಬ ಗಂಡಸಿಗೆ ಇನ್ನೇನು ಬೇಕು ಹೇಳಿ? ಆ ಒಂದು ಮಾತನ್ನು ದೀರ್ಘಣ್ಣ ತಿಂಗಳಿಡೀ ಹೊಲದಲ್ಲಿ ಮೆಲುಕು ಹಾಕುತ್ತಿದ್ದ. ಕಳೆ ಕೀಳುವಾಗ ಜೋಳವನ್ನೂ ಕಿತ್ತು ಅಕ್ಕನಿಂದ ಬೈಸಿಕೊಳ್ಳುತ್ತಿದ್ದ.

ಈಗ ಬಂದದ್ದು ಲೆಕ್ಕದ ವರ್ಷದ ಕಡೇ ದಿನ. ಇವತ್ತು ಅರ್ಜಿ ಮುಗಿಯದಿದ್ದರೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಅಂದರೆ ಇನ್ನೂ ಹನ್ನೆರಡು ತಿಂಗಳು ಮೂರನೇ ಕಿಟಕಿ! ದೀರ್ಘಣ್ಣ ಬೆಳಿಗ್ಗೆ ಎದ್ದವನೇ ಎರಡು ಸಲ ಗಡ್ಡ ಕೆರೆದುಕೊಂಡ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ಅರ್ಜಿ ಇವತ್ತೂ ಮುಗಿಯಬಾರದು, ಆದರೆ ಮನಸ್ಸಿನಲ್ಲಿರುವುದನ್ನು ಇವತ್ತು ಹೇಳಿಯೇ ಬಿಡಬೇಕು ಎಂದು ತೀರ್ಮಾನವಾಗಿತ್ತು. ಅಕ್ಕ ಪೇಟೆಯಲ್ಲಿ ಏನೋ ಕೆಲಸ ಎಂದು ಮೊದಲ ಬಸ್ಸಿಗೇ ಹೋಗಿದ್ದಳು. ಎರಡು ಸಲ ಗಡ್ಡ ಯಾಕೋ ಎಂದು ಕೇಳುವವರಿಲ್ಲ ಎಂದು ಅವನಿಗೆ ಖುಷಿಯೇ ಆಯಿತು.

ಖುಷಿ ಗೇಟಿನ ತನಕ ಇತ್ತು. ಗೇಟಿನಲ್ಲಿ ಪಕ್ಕದ ಮನೆಯ ಮೇಷ್ಟ್ರು ಕೊಡೆ ಹಿಡಿದು ನಿಂತಿದ್ದರು. ನಲವತ್ತು ವರ್ಷ ಮಕ್ಕಳಿಗೆ ಕಾಗುಣಿತ ಕಲಿಸಿ ನಿವೃತ್ತರಾದವರು. ಶಾಲೆ ಬಿಟ್ಟರೂ ಜೇಬಿನ ಕೆಂಪು ಪೆನ್ನು ಬಿಟ್ಟಿರಲಿಲ್ಲ. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು, ಕೈಗೆ ಸಿಕ್ಕಿದ್ದನ್ನೆಲ್ಲ ತಿದ್ದುತ್ತಿದ್ದರು.

"ಎಲ್ಲಿಗಯ್ಯಾ, ಸಹಾಯಧನದ ಆಫೀಸಿಗಾ? ನಡಿ, ನಾನೂ ಬರ್ತೀನಿ," ಎಂದರು ಮೇಷ್ಟ್ರು. "ಇವತ್ತು ಕಡೇ ದಿನ ಅಂತೆ. ಒಂದು ದೀರ್ಘ ಹಾಕ್ಸೋಕೆ ಏಳು ತಿಂಗಳಾ? ನಾನು ಪಕ್ಕದ ಮನೇಲಿ ಬದುಕಿದ್ದೀನೋ ಸತ್ತಿದ್ದೀನೋ?"

"ಬಿಸಿಲು ಜಾಸ್ತಿ ಇದೆ ಮೇಷ್ಟ್ರೇ, ನಿಮಗ್ಯಾಕೆ ತೊಂದರೆ..."

"ತೊಂದರೆ ನಂಗಲ್ಲ, ಭಾಷೆಗೆ! ದೀರ್ಘ ಅಂದ್ರೆ ಏನಂದ್ಕೊಂಡಿದ್ದೀಯಾ? ಮನಕ್ಕೂ ಮಾನಕ್ಕೂ ಇರೋ ವ್ಯತ್ಯಾಸ ಅದೊಂದೇ. ಮನ ಹೋದ್ರೆ ವಾಪಸ್ ಬರುತ್ತೆ. ಮಾನ ಹೋದ್ರೆ ಬರುತ್ತಾ?"

ದೀರ್ಘಣ್ಣನಿಗೆ ಮನ ಹೋಗಿ ಏಳು ತಿಂಗಳಾಗಿತ್ತು, ವಾಪಸ್ ಬಂದಿರಲಿಲ್ಲ. ಆದರೆ ಮೇಷ್ಟ್ರಿಗೆ ಇದನ್ನೆಲ್ಲ ಹೇಳುವುದು ಹೇಗೆ? ಸುಮ್ಮನೆ ಅವರ ಹಿಂದೆ ನಡೆದ.

ಮೇಷ್ಟ್ರು ಮೊದಲು ಎಳೆದುಕೊಂಡು ಹೋದದ್ದು ಬ್ಯಾಂಕಿಗೆ. ಅಲ್ಲಿ ಉದ್ದನೆಯ ಸಾಲು. ಮೇಜಿನ ಹಿಂದಿದ್ದವನು ಪಾಸ್‌ಬುಕ್ಕನ್ನು ತಿರುಗಿಸಿ ಮುರುಗಿಸಿ ನೋಡಿ, "ಹೆಸರು ತಿದ್ದೋಕೆ ಹದಿನೈದು ದಿನ ಆಗುತ್ತೆ," ಎಂದ.

ದೀರ್ಘಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಹದಿನೈದೇ ಯಾಕೆ ಸಾರ್, ಬೇಕಾದ್ರೆ ಒಂದು ತಿಂಗಳು ತಗೊಳ್ಳಿ. ನಂಗೇನೂ ಅವಸರ ಇಲ್ಲ."

"ಇವನಿಗೆ ಅವಸರ ಇಲ್ವಂತೆ! ಎಲ್ಲಿ ನಿಮ್ಮ ಮ್ಯಾನೇಜರು?" ಮೇಷ್ಟ್ರ ದನಿಗೆ ಸಾಲಿನಲ್ಲಿದ್ದವರೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡರು. ಒಳಗಿನ ಕೋಣೆಯಿಂದ ಮ್ಯಾನೇಜರು ಹೊರಗೆ ಬಂದರು. ಮೇಷ್ಟ್ರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏಯ್, ನೀನು ಆ ಕಡೇ ಬೆಂಚಿನವನಲ್ವಾ? 'ವಿದ್ಯಾರ್ಥಿ'ಗೆ ಅರ್ಕಾವೊತ್ತು ಎಲ್ಲಿ ಹಾಕ್ಬೇಕು ಅಂತ ಈಗಲಾದ್ರೂ ಗೊತ್ತಾಯ್ತಾ?" ಎಂದರು.

ಅಷ್ಟೇ. ಐವತ್ತು ಜನ ಕೈಕೆಳಗಿದ್ದ ಆ ಮನುಷ್ಯ ತಲೆ ತಗ್ಗಿಸಿ ಕೈ ಕಟ್ಟಿ ನಿಂತ. ಹದಿನೈದು ದಿನದ ಕೆಲಸ ಹತ್ತು ನಿಮಿಷದಲ್ಲಿ ಆಯಿತು, ಅದೂ ಮ್ಯಾನೇಜರ ಕೈಯಿಂದಲೇ. "ನನಗೆ ದೀರ್ಘ ಇಲ್ದೇ ಅಭ್ಯಾಸ ಆಗ್ಬಿಟ್ಟಿದೆ ಸಾರ್, ಬೇಡ," ಎಂದು ದೀರ್ಘಣ್ಣ ಎರಡು ಸಲ ಗೋಗರೆದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಾಲಿನಲ್ಲಿದ್ದವರು ತಮ್ಮ ಪಾಸ್‌ಬುಕ್ಕು ಬಿಚ್ಚಿ, ತಮ್ಮ ತಮ್ಮ ಕೊಂಬು ಒತ್ತು ಸರಿಯಿದೆಯೇ ಎಂದು ಗಾಬರಿಯಿಂದ ನೋಡಿಕೊಳ್ಳತೊಡಗಿದರು.

ಇನ್ನೊಂದೇ ದಾರಿ ಉಳಿದಿತ್ತು. ಕಚೇರಿಯ ನಿಲ್ದಾಣದಲ್ಲಿ ಇಳಿಯುವಾಗ ದೀರ್ಘಣ್ಣ ಕಾಗದದ ಚೀಲವನ್ನು ಮೆಲ್ಲನೆ ಬಸ್ಸಿನ ಸೀಟಿನ ಕೆಳಕ್ಕೆ ತಳ್ಳಿ, ಏನೂ ಗೊತ್ತಿಲ್ಲದವನಂತೆ ಇಳಿದುಬಿಟ್ಟ. ಬಸ್ಸು ಹೊರಟಿತು. ಅವನಿಗೆ ಒಂದು ಭಾರ ಇಳಿದ ಹಾಗಾಯಿತು. ಐವತ್ತು ಹೆಜ್ಜೆ ಹೋದ ಬಸ್ಸು ಗಕ್ಕನೆ ನಿಂತಿತು. ಹತ್ತು ಕಿಟಕಿಗಳಿಂದ ಹತ್ತು ತಲೆಗಳು ಹೊರಬಂದು, "ದೀರ್ಘಣ್ಣಾ, ನಿನ್ನ ಕಾಗದಾ!" ಎಂದು ಕೂಗಿದವು. ಕಂಡಕ್ಟರು ಏದುಸಿರು ಬಿಡುತ್ತಾ ಓಡಿಬಂದು ಚೀಲವನ್ನು ಅವನ ಎದೆಗೆ ಒತ್ತಿ ಹೋದ. ಇಷ್ಟು ಒಳ್ಳೆಯ ಜನ ಇರುವ ಊರಿನಲ್ಲಿ ಒಂದು ತಪ್ಪು ಮಾಡುವುದೂ ಕಷ್ಟವಾಯಿತಲ್ಲ ಎಂದು ದೀರ್ಘಣ್ಣ ಹಲ್ಲು ಕಡಿದ.

ಆದರೂ ಅವನ ಕೈಯಲ್ಲಿ ಕೊನೆಯದೊಂದು ಉಪಾಯವಿತ್ತು. ಮೂರನೇ ಕಿಟಕಿಯಲ್ಲಿ ಎಲ್ಲ ಕಾಗದ ನೋಡಿದ ಮೇಲೆ, 'ಇದೆಲ್ಲ ನಿಜ' ಎನ್ನುವ ಹಾಳೆಯ ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಬೇಕು. ಅಲ್ಲಿ ದೀರ್ಘ ಬಿಟ್ಟು ಸಹಿ ಮಾಡಿದರೆ ಮುಗಿಯಿತು. ಮೇಷ್ಟ್ರಲ್ಲ, ಮೇಷ್ಟ್ರ ಮೇಷ್ಟ್ರು ಬಂದರೂ ಅರ್ಜಿ ಮುಂದಿನ ವರ್ಷಕ್ಕೆ.

ಕಚೇರಿಯ ಹಜಾರದಲ್ಲಿ ಫ್ಯಾನು ಕಿರಕಿರ ಎನ್ನುತ್ತಿತ್ತು. ಒಂದನೇ ಕಿಟಕಿ ಖಾಲಿ, ಎರಡನೆಯದಕ್ಕೆ ಬೀಗ. ಗೋಡೆಯ ನೋಟಿಸ್ ಬೋರ್ಡು ಕಂಡದ್ದೇ ಮೇಷ್ಟ್ರು ಅಲ್ಲೇ ನಿಂತರು. 'ರೈತರ ಗಮನಕ್ಕೆ' ಎಂಬ ಮೊದಲ ಸಾಲಿನಲ್ಲೇ ಎರಡು ತಪ್ಪು! ಕೆಂಪು ಪೆನ್ನು ಹೊರಬಂತು. ದೀರ್ಘಣ್ಣ ಒಬ್ಬನೇ ಕಿಟಕಿಯ ಹತ್ತಿರ ಹೋದ.

ಮೇಡಂ ಆಗಲೇ ಎದ್ದು ನಿಂತಿದ್ದರು. "ಬಂದ್ರಾ! ಬೆಳಿಗ್ಗೆಯಿಂದ ಬಾಗಿಲನ್ನೇ ನೋಡ್ತಾ ಇದ್ದೆ."

ಪಾಸ್‌ಬುಕ್ಕು ಬಿಡಿಸಿದರು. ಎರಡನೇ ಅಕ್ಷರದ ಮೇಲೆ ಬೆರಳಿಟ್ಟರು. ಬೆರಳು ಅಲ್ಲಿಯೇ ನಿಂತಿತು. "ದೀರ್ಘ ಇದೆ," ಎಂದರು ಪಿಸುದನಿಯಲ್ಲಿ. ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. ಇನ್ನು ನಾನು ಬರುವುದಿಲ್ಲ ಎಂದು ಅಳುತ್ತಿದ್ದಾರೆ ಎಂದುಕೊಂಡ ದೀರ್ಘಣ್ಣ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಇಲ್ಲ.

"ಮೇಡಂ, ನಿಮಗೊಂದು ಮಾತು ಹೇಳ್ಬೇಕಿತ್ತು..."

"ನಾನೂ ನಿಮಗೊಂದು ಮಾತು ಹೇಳ್ಬೇಕು. ಎಷ್ಟು ತಿಂಗಳಿಂದ ಹೇಳೋಣ ಅಂತ ನೋಡ್ತಿದ್ದೆ, ಸಂಕೋಚ ಆಗ್ತಿತ್ತು."

ದೀರ್ಘಣ್ಣ ಅಂಗಿಯ ಕಾಲರು ಸರಿಮಾಡಿಕೊಂಡ. "ಮೊದಲು ನೀವೇ ಹೇಳಿ," ಎಂದ.

"ನನಗೆ ವರ್ಗಾವಣೆ ಆಗಿ ಏಳು ತಿಂಗಳಾಯ್ತು. ಆದ್ರೆ ನನ್ನ ಕಿಟಕೀಲಿ ಒಂದೇ ಒಂದು ಅರ್ಜಿ ಬಾಕಿ ಇದ್ರೂ ಬಿಡಲ್ಲ ಅಂತಾರೆ ಸಾಹೇಬ್ರು. ಎಲ್ಲಾ ಮುಗ್ದು ನಿಮ್ಮದೊಂದೇ ಉಳಿದಿತ್ತು. ಇವತ್ತು ಸಂಜೆ ಐದು ಗಂಟೆಗೆ ಆ ವರ್ಗಾವಣೇನೂ ರದ್ದಾಗೋದ್ರಲ್ಲಿತ್ತು. ಆಮೇಲೆ ಇನ್ನೊಂದು ವರ್ಷ ಕೇಳೋ ಹಾಗೇ ಇಲ್ಲ." ಮೇಡಂ ನಗುತ್ತಲೇ ಮತ್ತೆ ಕಣ್ಣೊರೆಸಿಕೊಂಡರು. "ಎರಡು ವರ್ಷ ಆಯ್ತು, ನಮ್ಮನೆಯವರು ಅಲ್ಲಿ, ನಾನಿಲ್ಲಿ."

'ನಮ್ಮನೆಯವರು' ಅಂದರೆ ಮನೆಮಂದಿ ಇರಬಹುದು, ತಾಯಿತಂದೆ ಇರಬಹುದು ಎಂದು ದೀರ್ಘಣ್ಣ ಇನ್ನೂ ಒಂದು ಗಳಿಗೆ ಆಸೆ ಹಿಡಿದು ನಿಂತಿದ್ದ.

"ಮಗಳೂ ಅವರ ಜೊತೇಲೇ ಇದ್ದಾಳೆ. ಏಳು ವರ್ಷ. ಮೊನ್ನೆ ಮುಂದಿನ ಹಲ್ಲು ಬಿತ್ತಂತೆ, ಫೋನಲ್ಲಿ ತೋರಿಸಿದ್ಳು. ಇನ್ನೊಂದು ಅಲ್ಲಾಡ್ತಿದೆ, ಅಮ್ಮ ಬರೋ ತನಕ ಕೀಳಲ್ಲ ಅಂತ ಹಟ ಹಿಡಿದಿದ್ದಾಳೆ. ನೀವು ಆ ಬಾಗಿಲಲ್ಲಿ ಕಾಣಿಸಿದಾಗೆಲ್ಲ ನಂಗೆ ನನ್ನ ಮಗಳೇ ಕಂಡ ಹಾಗಾಗ್ತಿತ್ತು."

ಏಳು ತಿಂಗಳು ಇಸ್ತ್ರಿ ಅಂಗಿ, ಇವತ್ತಂತೂ ಎರಡು ಸಲ ಗಡ್ಡ. ಅಷ್ಟೆಲ್ಲ ಮಾಡಿಕೊಂಡು ಬಂದವನಲ್ಲಿ ಆಕೆಗೆ ಕಂಡದ್ದು ಮುಂದಿನ ಹಲ್ಲಿಲ್ಲದ ಒಂದು ಹುಡುಗಿ! ದೀರ್ಘಣ್ಣನಿಗೆ ನಗು ಬಂತು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ತಾನು ಒಂದು ಹೆಸರು ಕೇಳುವ ಆಸೆಗೆ ಬ್ಯಾಂಕಿಗೆ ರಜ, ಮಿಷನ್ ಕೆಟ್ಟಿದೆ ಎಂದು ಸುಳ್ಳು ಹೇಳುತ್ತ ಬಂದಿದ್ದ. ಅಲ್ಲೊಂದು ಮಗು ಅಮ್ಮನಿಗಾಗಿ ಹಲ್ಲು ಹಿಡಿದುಕೊಂಡು ಕೂತಿತ್ತು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ನೀವೇನೋ ಹೇಳ್ಬೇಕು ಅಂದ್ರಲ್ಲ?" ಎಂದರು ಮೇಡಂ.

"ಏನಿಲ್ಲ ಮೇಡಂ. ಪೆನ್ನಿದ್ಯಾ ಅಂತ."

ಮೇಡಂ ತಮ್ಮ ಪೆನ್ನನ್ನೇ ಕೊಟ್ಟರು. ದೀರ್ಘಣ್ಣ ಗಾಜಿನ ಮುಂದಿನ ಹಲಗೆಯ ಮೇಲೆ ಬಗ್ಗಿ, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಬರೆದ. ಎರಡನೆಯದಕ್ಕೆ ಬಂದಾಗ ಕೈ ಒಂದು ಕ್ಷಣ ನಿಂತಿತು. ಇಲ್ಲೊಂದು ಗೆರೆ ಬಿಟ್ಟರೆ ಈಕೆ ಇನ್ನೊಂದು ವರ್ಷ ಇಲ್ಲೇ ಇರುತ್ತಾರೆ. ತಿಂಗಳಿಗೊಂದು ಸಲ ಎದ್ದು ನಿಲ್ಲುತ್ತಾರೆ, ಬಂದ್ರಾ ಎನ್ನುತ್ತಾರೆ. ಅವನು ಬಿಡಲಿಲ್ಲ. ತನ್ನ ಜೀವಮಾನದಲ್ಲಿ ಬರೆದ ಎಲ್ಲಕ್ಕಿಂತ ದುಂಡಗಿನ, ದೊಡ್ಡ ದೀರ್ಘ ಹಾಕಿದ. ಹಿಂದಿನಿಂದ ಇಣುಕಿದ ಮೇಷ್ಟ್ರು, "ಭೇಷ್! ಅಚ್ಚು ಹಾಕಿದ ಹಾಗಿದೆ ಕಣಯ್ಯಾ," ಎಂದು ಬೆನ್ನು ತಟ್ಟಿದರು.

ಮೂವರೂ ಸಾಹೇಬರ ಕೋಣೆಗೆ ಹೋದರು. ಗಂಟೆ ನಾಲ್ಕು ಮುಕ್ಕಾಲು. ಮೇಡಂ ತಮ್ಮನ್ನು ವರ್ಗಾವಣೆಗೆ ಬಿಡುಗಡೆ ಮಾಡಲು ಬರೆದಿಟ್ಟುಕೊಂಡಿದ್ದ ಕಾಗದವನ್ನೂ ಫೈಲಿನ ಕೆಳಗೆ ಸೇರಿಸಿ ಇಟ್ಟರು. ಸಾಹೇಬರು ಕಂಪ್ಯೂಟರಿನಲ್ಲಿ ಹೊಲದ ನಂಬರು ಒತ್ತಿದರು, ಪಾಸ್‌ಬುಕ್ಕು ನೋಡಿದರು, ಸಹಿ ನೋಡಿದರು, ಮತ್ತೆ ಕಂಪ್ಯೂಟರು ನೋಡಿದರು.

"ಏನ್ರೀ ಇದು? ಪಾಸ್‌ಬುಕ್ಕಲ್ಲಿ ದೀರ್ಘ ಇದೆ, ಸಹೀಲಿ ದೀರ್ಘ ಇದೆ, ಜಮೀನಿನ ದಾಖಲೇಲಿ ಇಲ್ವಲ್ಲ!"

"ಸಾಧ್ಯವೇ ಇಲ್ಲ ಸಾರ್!" ಮೇಡಂ ಪರದೆಯ ಹತ್ತಿರ ಓಡಿದರು. "ಏಳು ತಿಂಗಳಿಂದ ನೋಡ್ತಿದ್ದೀನಿ, ದಾಖಲೇಲಿ ದೀರ್ಘ ಇದ್ದೇ ಇದೆ."

"ಇತ್ತು. ಇವತ್ತು ಮಧ್ಯಾಹ್ನ ಮೂರು ನಲವತ್ತಕ್ಕೆ ತೆಗೆದಿದ್ದಾರೆ ನೋಡಿ."

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಬೆವರು ಸುರಿಸಿಕೊಂಡು ದೀರ್ಘಣ್ಣನ ಅಕ್ಕ ಒಳಗೆ ಬಂದಳು. ಕೈಯಲ್ಲಿ ಹೊಸ ದಾಖಲೆಯ ಹಾಳೆ, ಮುಖದಲ್ಲಿ ಯುದ್ಧ ಗೆದ್ದು ಬಂದ ಕಳೆ.

"ಲೋ, ನಿನ್ನ ನಂಬಿದ್ರೆ ಆಗಲ್ಲ ಅಂತ ನಾನೇ ಹೋದೆ. ದಾಖಲೆ ಆಫೀಸಲ್ಲಿ ಬೆಳಿಗ್ಗೆಯಿಂದ ಅವರ ಮೇಜಿನ ಮುಂದೆ ಕೂತು ಅತ್ತಿದ್ದೀನಿ. ಕಾಟ ತಡೀಲಾರ್ದೆ ಮಾಡ್ಕೊಟ್ರು. ನೋಡು! ಪಾಸ್‌ಬುಕ್ಕಲ್ಲಿ ಇಲ್ಲದ ದೀರ್ಘಾನ ಇಲ್ಲಿಂದಲೂ ತೆಗೆಸಿಬಿಟ್ಟೆ!"

ಮೇಷ್ಟ್ರು ಜೇಬಿನ ಪೆನ್ನು ಮುಟ್ಟಿ ನೋಡಿಕೊಂಡು ಕೈ ಹಿಂದಕ್ಕೆ ತೆಗೆದರು. ಮೊದಲು ಬಾಯಿ ಬಿಟ್ಟವನು ದೀರ್ಘಣ್ಣನೇ. ಏಳು ತಿಂಗಳು ತಪ್ಪನ್ನು ಉಳಿಸಿಕೊಳ್ಳಲು ಪಟ್ಟ ಪಾಡನ್ನೆಲ್ಲ ಮರೆತು ಮೇಜಿನ ಮೇಲೆ ಬಗ್ಗಿ ಬೇಡಿಕೊಂಡ. "ಸಾಹೇಬ್ರೇ, ಅವನೂ ನಾನೇ, ಇವನೂ ನಾನೇ. ನಂಗೆ ಹಣ ಬೇಡ. ಅರ್ಜೀನ ವಾಪಸ್ ತಗೊಂಡ್ಬಿಡ್ತೀನಿ, ಇವರನ್ನ ಕಳಿಸಿಬಿಡಿ."

"ವಾಪಸ್ ತಗೋಬೇಕಾದ್ರೆ ಅರ್ಜಿ ಹಾಕಿದವನೇ ಬರ್ಬೇಕು. ಅರ್ಜಿ ಹಾಕಿದವನು ದೀರ್ಘ ಇರೋ ರೈತ. ಅಂಥ ರೈತ ಈಗ ದಾಖಲೇಲೇ ಇಲ್ವಲ್ರೀ. ಇಲ್ಲದವನು ವಾಪಸ್ ತಗೊಳ್ಳೋದು ಹೇಗೆ?" ಸಾಹೇಬರು ಫೈಲನ್ನು ಮುಚ್ಚಿ ಮೇಡಂ ಕಡೆಗೆ ತಳ್ಳಿದರು. "ದಾಖಲೆ ಆಫೀಸು ನಾಲ್ಕೂವರೆಗೇ ಮುಚ್ಚಿರುತ್ತೆ. ಮುಂದಿನ ವರ್ಷಕ್ಕೆ ಬರ್ಕೊಳ್ಳಿ."

ಮೇಡಂ ಫೈಲಿನ ಕೆಳಗಿದ್ದ ತಮ್ಮ ಕಾಗದವನ್ನು ಎಳೆದುಕೊಂಡು, ಮಡಚಿ, ಇನ್ನೊಮ್ಮೆ ಮಡಚಿ, ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋದರು. ದೀರ್ಘಣ್ಣ ಬೆಳಿಗ್ಗೆ ಬೇಡಿಕೊಂಡದ್ದೆಲ್ಲ ಸಿಕ್ಕಿತ್ತು. ಅರ್ಜಿ ಬಾಕಿ ಉಳಿದಿತ್ತು, ಮೇಡಂ ಇನ್ನೊಂದು ವರ್ಷ ಇಲ್ಲೇ ಇರುತ್ತಿದ್ದರು. ಅವನಿಗೆ ಎಲ್ಲಾದರೂ ಹೋಗಿ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಎನಿಸಿತು.

ಹಜಾರದ ಬೆಂಚಿನ ಮೇಲೆ ಮೂವರೂ ಕಾಗದ ವಾಪಸ್ ಬರಲೆಂದು ಕೂತರು. "ನಾನೇನು ಮಾಡಿದ್ನೋ, ಒಳ್ಳೇದಕ್ಕೇ ಅಲ್ವೇನೋ," ಎಂದು ಅಕ್ಕ ಮೂಗೊರೆಸಿಕೊಳ್ಳುತ್ತಿದ್ದಳು. ದೀರ್ಘಣ್ಣ ಹೂಂ ಎಂದ. ಮೂರನೇ ಕಿಟಕಿಯ ಹಿಂದೆ ಮೇಡಂ ಕೂತೇ ಇದ್ದರು. ತಲೆ ಎತ್ತದೆ ಹೊಸ ದಾಖಲೆ ನೋಡಿ ಚೀಟಿ ಬರೆದರು. ಆಮೇಲೆ ಗಾಜಿನ ತೂತಿನ ಕಡೆಗೆ ಬಾಗಿ ಯಾವುದೋ ಒಂದು ಹೆಸರು ಕೂಗಿದರು. ಗಿಡ್ಡ ಹೆಸರು, ಎಲ್ಲೂ ಎಳೆಯದ್ದು. ಯಾರೂ ಏಳಲಿಲ್ಲ. ಇನ್ನೊಂದು ಸಲ ಕೂಗಿದರು.

ಯಾರಪ್ಪಾ ಅದು, ಪಾಪ, ಮೇಡಂ ಇಷ್ಟು ಬೇಜಾರಲ್ಲಿರುವಾಗ ಕೂಗಿಸಿಕೊಳ್ಳುತ್ತಿರುವವನು ಎಂದು ದೀರ್ಘಣ್ಣ ಹಜಾರವನ್ನೆಲ್ಲ ನೋಡಿದ. ಬೆಂಚಿನ ಮೇಲೆ ಅವರು ಮೂವರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ.

"ನಿನ್ನನ್ನೇ ಕಣಯ್ಯಾ ಕರೀತಿರೋದು," ಎಂದರು ಮೇಷ್ಟ್ರು ಮೆಲ್ಲಗೆ. "ಎದ್ದು ಹೋಗು."